ಎದ್ದುಹೋದಮ್ಮನ ಕಟ್ಟೆ

ಹೆಬ್ಬೈಲಿನ ದೋಣಿ ನಿಲ್ಲುವ ಹಳೆಯ ದಕ್ಕೆಯಿಂದ ಹೊಳೆಯ ಅಂಚು ಹಿಡಿದು ಪಡುವಣಕ್ಕೆ ನಡೆದರೆ, ಸಮುದ್ರದ ಸದ್ದು ಕಿವಿಗೆ ಬೀಳತೊಡಗುವ ಜಾಗದಲ್ಲಿ ಒಂದು ಹೊನ್ನೆ ಮರ ಸಿಗುತ್ತದೆ. ಅದರ ಅರ್ಧ ಬೇರು ಮಣ್ಣಿನಲ್ಲಿದೆ, ಅರ್ಧ ಉಪ್ಪು ನೀರಿನಲ್ಲಿದೆ. ಮರದ ಕೆಳಗೆ ಮೊಣಕಾಲೆತ್ತರದ ಚಿರೆಕಲ್ಲಿನ ಕಟ್ಟೆ. ಕಟ್ಟೆಯ ನಡುವೆ, ಯಾವ ಊರಲ್ಲಾದರೂ ದೇವರು ಕೂತಿರಬೇಕಾದ ಜಾಗದಲ್ಲಿ, ಒಂದು ಗುಂಡಿ ಇದೆ. ಒಂದು ಮೊಳ ಅಗಲ, ಎರಡು ಮೊಳ ಆಳ. ಉಬ್ಬರದ ಹೊತ್ತಿಗೆ ಅದರ ತಳದಲ್ಲಿ ನೀರು ಒಸರುತ್ತದೆ, ಇಳಿತಕ್ಕೆ ಬತ್ತುತ್ತದೆ. ಗುಂಡಿಯ ಅಂಚಿನಲ್ಲಿ ಎಣ್ಣೆಯ ಜಿಡ್ಡು ಹಿಡಿದ ಒಂದು ದೀಪ, ಮಂಗಳವಾರಗಳಲ್ಲಿ ನಾಲ್ಕು ದಾಸವಾಳದ ಹೂ. ಬೇರೆ ಏನೂ ಇಲ್ಲ. ಮೂರ್ತಿ ಇಲ್ಲ, ಪಾದದ ಗುರುತು ಇಲ್ಲ, ತ್ರಿಶೂಲವೂ ಇಲ್ಲ. ಹೊರಗಿನಿಂದ ಬಂದವರು ವಿಗ್ರಹ ಕಳುವಾಯಿತೇ ಎಂದು ಕೇಳುವುದುಂಟು. ಇಲ್ಲ, ಅಮ್ಮ ಎದ್ದುಹೋದಳು ಎನ್ನುತ್ತಾರೆ ಇಲ್ಲಿಯವರು. ಜಾಗಕ್ಕೆ ಎದ್ದುಹೋದಮ್ಮನ ಕಟ್ಟೆ ಎಂಬ ಹೆಸರು ಬಂದದ್ದು ಹೀಗೆ.

ಈ ಹೆಸರಿನ ಬಗ್ಗೆ ಬೇರೆ ಬೇರೆ ಮಾತುಗಳು ಚಾಲ್ತಿಯಲ್ಲಿವೆ. ಊರವರ ಪಾಪಕ್ಕೆ ದೇವಿ ಮುನಿದು ಹೋದಳು ಎಂದು ಒಂದು ಸಣ್ಣ ಪುಸ್ತಿಕೆಯಲ್ಲಿ ಅಚ್ಚಾಗಿದೆ. ಅದನ್ನು ಬರೆದವರು ಕಟ್ಟೆಯವರೆಗೆ ನಡೆದು ಬಂದಂತೆ ಕಾಣುವುದಿಲ್ಲ. ಬಂದಿದ್ದರೆ ಮುನಿದು ಹೋದವಳ ಜಾಗಕ್ಕೆ ಯಾರೂ ನಿತ್ಯ ದೀಪ ಇಡುವುದಿಲ್ಲ ಎಂದು ಅವರಿಗೆ ತಿಳಿಯುತ್ತಿತ್ತು. ನಾನು ಈ ದಡದಲ್ಲಿ ಮೂವತ್ತು ವರ್ಷ ಮೀನಿನ ಬುಟ್ಟಿ ಹೊತ್ತವಳು. ಈ ಕತೆಯನ್ನು ಕೇಳಿದ್ದು ಇಳಿತದ ಹೊತ್ತಿಗೆ ಹೊಳೆಗಿಳಿದು ಬಳಚು ಎಂಬ ಚಿಪ್ಪುಮೀನು ಹೆಕ್ಕುವ ಮುದುಕಿಯರಿಂದ. ಅವರಿಗೆ ಅವರ ಅಜ್ಜಿಯರು ಹೇಳಿದ್ದು. ಅವರ ಮಾತಿನಲ್ಲಿ ದೇವಿಗೆ ಮುನಿಸಿಲ್ಲ. ಇರುವುದು ಒಂದು ಕಳವು, ಒಂದು ಸುಳ್ಳು, ಮತ್ತು ತನ್ನ ವಸ್ತುವನ್ನು ತನ್ನದು ಎನ್ನುವುದನ್ನು ಬಿಡದ ಒಬ್ಬ ಹೆಂಗಸು.

ಹಿಂದೆ ಒಮ್ಮೆ, ಈ ಹೊಳೆಗೆ ಸೇತುವೆಯ ಯೋಚನೆಯೂ ಇಲ್ಲದ ಕಾಲದಲ್ಲಿ, ಈಚೆ ದಡದ ಹೆಬ್ಬೈಲಿಗೂ ಆಚೆ ದಡದ ಕೊಳಗೆರೆಗೂ ನಡುವೆ ಒಂದೇ ತಾರಿ ಇತ್ತು. ಜನರನ್ನು ಹೊಳೆ ದಾಟಿಸುವ ದೋಣಿಗೆ ನಮ್ಮಲ್ಲಿ ತಾರಿ ಎನ್ನುತ್ತಾರೆ. ಹೊಳೆ ಇಲ್ಲಿ ಅಗಲ, ಅದು ಸಮುದ್ರ ಸೇರುವ ಅಳಿವೆ ಹತ್ತಿರ. ಇಳಿತದ ನೀರು ಸಮುದ್ರದ ಕಡೆ ಎಳೆಯುವಾಗ ಹುಟ್ಟು ಮುರಿದರೆ, ಇಲ್ಲವೇ ಅಂಬಿಗನ ತೋಳು ಸೋತರೆ, ದೋಣಿ ನೇರ ಅಳಿವೆಯ ಬಾಯಿಗೆ ಹೋಗುತ್ತದೆ. ಅಲ್ಲಿ ಮರಳದಿಬ್ಬದ ಮೇಲೆ ಅಲೆ ಒಡೆಯುವ ಜಾಗದಲ್ಲಿ ಉಳಿದ ದೋಣಿ ಇಲ್ಲ. ಅದಕ್ಕೇ ತಾರಿಯ ದೋಣಿಯಲ್ಲಿ ಲಂಗರು ಇರಲೇಬೇಕು ಎಂಬುದು ಕಟ್ಟಳೆ. ಸೋತ ಕಡೆ ಲಂಗರು ಇಳಿಸಿ, ಎಷ್ಟು ಹೊತ್ತಾದರೂ ಸರಿ, ನೀರು ತಿರುಗುವವರೆಗೆ ಕಾಯಬೇಕು. ಆ ಕಾಲದಲ್ಲಿ ಕಬ್ಬಿಣದ ಲಂಗರು ನಮ್ಮವರ ಕೈಗೆ ಎಟುಕುವಂಥದ್ದಲ್ಲ. ಕೆಲವರು ಮರದ ಕೊಕ್ಕೆಗೆ ಕಲ್ಲು ಕಟ್ಟಿ ಇಳಿಸುತ್ತಿದ್ದರು. ಬೆರಳೆಣಿಕೆಯವರ ಬಳಿ ಇಡೀ ಕಲ್ಲಿನದೇ ಲಂಗರು ಇತ್ತು.

ತಾರಿ ನಡೆಸುತ್ತಿದ್ದ ಅಂಬಿಗರ ಸೋಮಯ್ಯನ ಲಂಗರು ಅಂಥದ್ದು. ನಮ್ಮ ಕಡೆ ಕೆಂಪು ಚಿರೆಕಲ್ಲು ಬಿಟ್ಟರೆ ಬೇರೆ ಕಲ್ಲಿಲ್ಲ. ಚಿರೆಕಲ್ಲು ನೀರಿನಲ್ಲಿ ಸವೆದು ಪುಡಿಯಾಗುತ್ತದೆ. ಸೋಮಯ್ಯ ಮೂರು ದಿನ ಹೊಳೆಯ ಮೇಲಕ್ಕೆ ಹೋಗಿ, ಘಟ್ಟದ ಬುಡದಿಂದ ಒಂದು ಕರಿಕಲ್ಲು ತಂದ. ಒಂದು ಮಳೆಗಾಲ ಪೂರ್ತಿ ಮನೆಯ ಜಗುಲಿಯಲ್ಲಿ ಕೂತು ಅದನ್ನು ಕಡಿದ. ಕೆಳಗೆ ಅಗಲ, ಮೇಲೆ ಕಿರಿದು. ಮೇಲ್ಭಾಗದಲ್ಲಿ ಹಗ್ಗಕ್ಕೆ ಒಂದು ದುಂಡನೆಯ ತೂತು. ಬುಡದ ಹತ್ತಿರ ಅಡ್ಡಡ್ಡ ಮರದ ಗೂಟ ತೂರಿಸಲು ಇನ್ನೆರಡು ತೂತು. ಆ ಗೂಟಗಳು ಕೆಸರನ್ನು ಕಚ್ಚಿ ಹಿಡಿಯುತ್ತವೆ. ಕಲ್ಲನ್ನು ಎತ್ತಲು ಇಬ್ಬರು ಬೇಕು. ಇಪ್ಪತ್ತು ವರ್ಷ ಅದು ನೀರಿಗಿಳಿದು ಮೇಲೆದ್ದು, ಹಗ್ಗ ಉಜ್ಜಿ ಉಜ್ಜಿ ಆ ಮೇಲಿನ ತೂತಿನ ಅಂಚಿನಲ್ಲಿ ಹೆಬ್ಬೆರಳು ಕೂರುವಷ್ಟು ಜಾಡು ಬಿದ್ದಿತ್ತು. ಸೋಮಯ್ಯ ಜ್ವರ ಬಂದು ತೀರಿಕೊಂಡಾಗ ಅವನ ಹೆಂಡತಿ ಬೀರಕ್ಕ ಹದಿಮೂರನೆಯ ದಿನ ದೋಣಿಗೆ ಇಳಿದಳು. ಮಕ್ಕಳಿಲ್ಲದವಳು, ತವರಿಗೆ ಹೋಗಿ ಅಣ್ಣಂದಿರ ಹಂಗಿನಲ್ಲಿ ಇರುವುದಕ್ಕಿಂತ ಹುಟ್ಟು ಹಿಡಿಯುವುದು ಲೇಸು ಎಂದಳಂತೆ. ಹೆಂಗಸು ನಡೆಸುವ ದೋಣಿಗೆ ಕಾಲಿಡುವುದಿಲ್ಲ ಎಂದು ಮೊದಲು ಕೆಲವರು ಹಟ ಹಿಡಿದರು. ಆಚೆ ದಡಕ್ಕೆ ಹೋಗಲು ಬೇರೆ ದಾರಿ ಇರಲಿಲ್ಲವಾದ್ದರಿಂದ ಆ ಹಟ ಎರಡು ದಿನ ಮಾತ್ರ ನಿಂತಿತು.

ತಾರಿಯ ಹಕ್ಕು ಯಾರಿಗೂ ಶಾಶ್ವತವಲ್ಲ. ಮಳೆಗಾಲದಲ್ಲಿ ದೋಣಿಗಳನ್ನು ದಡಕ್ಕೆ ಎಳೆದು, ತೆಂಗಿನ ಮಡಲು ಹೊದಿಸಿ ಮಗುಚಿ ಇಡುತ್ತಿದ್ದರು. ಶ್ರಾವಣದ ನೂಲು ಹುಣ್ಣಿಮೆಯಂದು ಹೊಳೆಗೆ ತೆಂಗಿನಕಾಯಿ ಬಿಟ್ಟ ಮೇಲೆ ಊರಿನ ಹಿರಿಯರು ಮರಳಿನ ಮೇಲೆ ಕೂರುತ್ತಿದ್ದರು. ತಾರಿ ಬೇಕೆನ್ನುವವರು ತಮ್ಮ ದೋಣಿಯ ಸಾಮಾನುಗಳನ್ನು ಅವರ ಮುಂದೆ ಸಾಲಾಗಿ ಇಡಬೇಕು. ಹುಟ್ಟು, ಗಳ, ಹಗ್ಗ, ನೀರು ಚೆಲ್ಲುವ ಮರಿಗೆ, ಲಂಗರು. ಹಳಬರಿಗೆ ಮೊದಲ ಹಕ್ಕು. ಆದರೆ ಒಂದು ಸಾಮಾನು ಕಡಿಮೆಯಾದರೂ ಹಕ್ಕು ಮುಂದಿನವನಿಗೆ. ಯಾಕೆ ಕಡಿಮೆಯಾಯಿತು ಎಂದು ಕೇಳುವ ರೂಢಿ ಇರಲಿಲ್ಲ. ಹೊಳೆ ಕೇಳುತ್ತದೆಯೇ ಎನ್ನುತ್ತಿದ್ದರು ಹಿರಿಯರು. ಕಟ್ಟಳೆ ಕಠಿಣವೇ. ಆದರೆ ಏಳೆಂಟು ಜನರ ಜೀವ ಹೊತ್ತು ಹೋಗುವ ದೋಣಿಗೆ ಮೆದು ಕಟ್ಟಳೆ ಮಾಡುವುದು ಹೇಗೆ?

ಮುಂದಿನವನು ಎಂದರೆ ಸೋಮಯ್ಯನ ಚಿಕ್ಕಪ್ಪನ ಮಗ ಹಮ್ಮಯ್ಯ. ಅವನ ಬಳಿ ದೋಣಿ ಇತ್ತು, ಮರದ ಕೊಕ್ಕೆಯ ಲಂಗರು ಇತ್ತು, ಹೊಸದಾಗಿ ಮದುವೆಯಾದ ಹೆಂಡತಿ ನಾಗಿ ಇದ್ದಳು. ಅಣ್ಣ ಸತ್ತ ಮೇಲೆ ತಾರಿ ತನಗೇ ಬರುತ್ತದೆಂದು ನಂಬಿದ್ದವನಿಗೆ ಅತ್ತಿಗೆ ದೋಣಿಗಿಳಿದದ್ದು ನುಂಗಲಾರದ ತುತ್ತಾಯಿತು. ಕೆಟ್ಟವನೇನಲ್ಲ, ಆದರೆ ಕೈ ಸುಮ್ಮನಿರದವನು ಎಂದು ಮುದುಕಿಯರು ಹೇಳುತ್ತಾರೆ. ಹಿಂದಿನ ಮಳೆಗಾಲದಲ್ಲಿ ಮಗುಚಿಟ್ಟ ದೋಣಿಗಳ ಕೆಳಗಿನಿಂದ ಒಬ್ಬರ ಹುಟ್ಟು, ಇನ್ನೊಬ್ಬರ ಹಗ್ಗದ ಸುರುಳಿ, ಮತ್ತೊಬ್ಬರ ಕಬ್ಬಿಣದ ಕೊಕ್ಕೆ ಮಾಯವಾಗಿದ್ದವು. ಯಾರೆಂದು ತಿಳಿದಿರಲಿಲ್ಲ.

ಆ ವರ್ಷ ನಾಗರ ಪಂಚಮಿಯ ಮಧ್ಯಾಹ್ನ ಊರೆಲ್ಲ ನಾಗನ ಬನದಲ್ಲಿ ಹಾಲೆರೆಯುತ್ತಿದ್ದಾಗ ಹಮ್ಮಯ್ಯ ಬೀರಕ್ಕನ ದೋಣಿಯ ಬಳಿಗೆ ಬಂದ. ದೋಣಿ ಎಳೆಯಲು ಇಟ್ಟಿದ್ದ ತೆಂಗಿನ ದಿಂಡುಗಳ ಮೇಲೆಯೇ ಲಂಗರಿನ ಕಲ್ಲನ್ನು ಉರುಳಿಸಿಕೊಂಡು ನೀರಿನವರೆಗೆ ತಂದು, ತನ್ನ ಸಣ್ಣ ಪಾತಿ ದೋಣಿಯನ್ನು ವಾಲಿಸಿ ಅದರೊಳಗೆ ಜಾರಿಸಿಕೊಂಡ. ಅಳಿವೆಯ ಹತ್ತಿರದ ಆಳದಲ್ಲಿ ಬಿಟ್ಟುಬಿಡುವುದು ಅವನ ಎಣಿಕೆ. ಆದರೆ ಕಲ್ಲಿನ ಭಾರಕ್ಕೆ ಪಾತಿ ಅಂಚಿನವರೆಗೆ ಮುಳುಗಿತು. ನೀರು ಒಳಗೆ ನುಗ್ಗತೊಡಗಿತು. ಜೀವ ಉಳಿಸಿಕೊಳ್ಳಲು ಅವನು ಹೊನ್ನೆ ಮರದ ಕೆಳಗೆ ದಡ ಹಿಡಿದು, ಜಾರಲು ಅಡ್ಡವಾಗಿದ್ದ ಗೂಟಗಳನ್ನು ಕಿತ್ತು ಹೊಳೆಗೆಸೆದು, ಕಲ್ಲನ್ನು ದಡದ ಕೆಸರಿಗೆ ಜಾರಿಸಿದ. ಭಾರದ ಬುಡ ಕೆಳಗಾಗಿ ಕಲ್ಲು ಕೆಸರಿನಲ್ಲಿ ಇಳಿದು, ಮೇಲಿನ ಒಂದು ಮೊಳ ಮಾತ್ರ ಹೊರಗೆ ಉಳಿಯುವಂತೆ ನೆಟ್ಟಗೆ ನಿಂತಿತು. ನಾಳೆ ಯಾರನ್ನಾದರೂ ಜೊತೆಗೆ ಕರೆತಂದು ಕೆಲಸ ಮುಗಿಸಿದರಾಯಿತೆಂದು ಅವನು ಹೋದ.

ಮರುದಿನ ಬೆಳಿಗ್ಗೆ ಬಂದು ನೋಡಿದರೆ ಕಲ್ಲಿನ ಸುತ್ತ ಬಳಚು ಹೆಕ್ಕುವ ಹೆಂಗಸರು ಬುಟ್ಟಿ ಇಳಿಸಿ ನಿಂತಿದ್ದರು. ಕರಿಕಲ್ಲೇ ಇಲ್ಲದ ದಡದಲ್ಲಿ ಒಂದೇ ದಿನದಲ್ಲಿ ಎದ್ದ ಕರಿಕಲ್ಲು, ಹಣೆಯ ನಡುವೆ ಒಂದೇ ಕಣ್ಣಿನಂಥ ತೂತು. ಇದೇನು ಹಮ್ಮಯ್ಯ, ನಿನಗೇನಾದರೂ ಗೊತ್ತೇ ಎಂದು ಅವರು ಕೇಳಿದರು. ಲಂಗರು ಎಂದರೆ ಯಾರದ್ದು ಎಂಬ ಪ್ರಶ್ನೆ ಬರುತ್ತದೆ. ಆ ಒಂದು ಗಳಿಗೆಯಲ್ಲಿ ಬಾಯಿಗೆ ಬಂದದ್ದನ್ನು ಅವನು ಹೇಳಿದ.

“ಅಮ್ಮ. ನಿನ್ನೆ ಕನಸಿನಲ್ಲಿ ಬಂದು, ಹೊನ್ನೆ ಮರದ ಕೆಳಗೆ ಏಳುತ್ತೇನೆ ಅಂದಳು.”

ಹೆಂಗಸರಲ್ಲಿ ಹಿರಿಯಳಾದ ದೇವು ಅವನನ್ನು ಮೇಲಿಂದ ಕೆಳಗೆ ನೋಡಿದಳು. “ವರ್ಷವಿಡೀ ಈ ಕೆಸರಲ್ಲಿ ಸೊಂಟ ಮುರಿಯುವವರು ನಾವು. ಕನಸು ಮಾತ್ರ ನಿನಗೆ ಬಿತ್ತಾ ಮಾರಾಯ? ಅಮ್ಮನಿಗೂ ಗಂಡಸರೇ ಬೇಕಾಯ್ತು ಕಾಣು.” ಹೀಗೆ ಹಂಗಿಸಿದರೂ ಅವಳೇ ಮೊದಲು ಸೆರಗು ಹೊದ್ದು ಕೈ ಮುಗಿದಳು.

ಸುಳ್ಳು ಹೇಳಿದ್ದು ಒಂದೇ ಸಲ. ಆಮೇಲೆ ಅವನು ಏನೂ ಹೇಳಬೇಕಾಗಲಿಲ್ಲ. ಸಂಜೆಯೊಳಗೆ ದೀಪ ಬಂತು. ಮೂರನೆಯ ದಿನ ಕುಂಕುಮದ ಲೇಪ, ಕೆಂಪು ರವಿಕೆ ಕಣ, ಕಣ್ಣಿನ ತೂತಿಗೆ ದಾಸವಾಳ. ಯಾರದೋ ಕೂಸಿನ ಜ್ವರ ಇಳಿಯಿತು, ಯಾರದೋ ಕಳೆದುಹೋದ ಎಮ್ಮೆ ತಾನಾಗಿ ಹಟ್ಟಿಗೆ ಬಂತು. ಒಕ್ಕಣ್ಣಮ್ಮ ಎಂದು ಹೆಸರಿಟ್ಟರು. ಕನಸು ಬಿದ್ದವನೇ ಪೂಜೆ ಮಾಡಬೇಕೆಂದು ಹಿರಿಯರು ಹಮ್ಮಯ್ಯನ ಕೈಗೆ ಗಂಟೆ ಕೊಟ್ಟರು. ಕಲ್ಲಿನ ಮೇಲೆ ಎರಡು ಹಲಸಿನ ಕಂಬ ನೆಟ್ಟು ಮಡಲಿನ ಚಪ್ಪರ ಹಾಕಿದರು. ಕದ್ದದ್ದನ್ನು ನೀರಿಗೆ ಎಸೆಯಲು ಹೊರಟಿದ್ದವನು ಈಗ ಅದನ್ನು ದಿನಾ ತೊಳೆದು ಹೂವಿಡಬೇಕಾಯಿತು. ಕಲ್ಲಿನ ಗುರುತು ಸಿಕ್ಕವರು ಊರಲ್ಲಿ ಒಬ್ಬರಾದರೂ ಇದ್ದಿರಬಹುದು. ಆದರೆ ಒಮ್ಮೆ ಕೈ ಮುಗಿದ ಮೇಲೆ, ನಾನು ಮುಗಿದದ್ದು ಲಂಗರಿಗೆ ಎಂದು ಹೇಳಲು ಯಾರ ಬಾಯಿ ಬರುತ್ತದೆ?

ಬೀರಕ್ಕ ಆ ದಿನಗಳಲ್ಲಿ ದಡ ದಡ ಅಲೆಯುತ್ತಿದ್ದಳು. ಪಂಚಮಿಯ ಸಂಜೆಯೇ ಮಡಲಿನ ಕೆಳಗಿನ ಜಾಗ ಖಾಲಿಯಾದದ್ದು ಕಂಡಿದ್ದಳು. ಮರಳಿನ ಮೇಲೆ ದಿಂಡುಗಳ ಜಾಡು ನೀರಿನವರೆಗೆ ಹೋಗಿ ನಿಂತಿತ್ತು. ನೀರಿಗೆ ಹೋದದ್ದು ಎಲ್ಲಾದರೂ ದಡಕ್ಕೆ ಬಂದಿರಲೇಬೇಕೆಂದು ಎರಡೂ ದಡಗಳ ಹಳ್ಳ, ಕೊಲ್ಲಿ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲದ ಪೊದೆ ಎಲ್ಲ ಹುಡುಕಿದಳು. ಹೊಸ ಅಮ್ಮನ ಸುದ್ದಿ ಕೇಳಿದ್ದರೂ ಅಲ್ಲಿಗೆ ಹೋಗಿರಲಿಲ್ಲ; ತನ್ನ ಕಷ್ಟವನ್ನು ದೇವರ ಮುಂದೆ ತೋಡಿಕೊಳ್ಳುವ ಸ್ವಭಾವ ಅವಳದ್ದಲ್ಲ. ಹುಣ್ಣಿಮೆಗೆ ಎರಡು ದಿನ ಇರುವಾಗ ಆ ದಡವೊಂದೇ ಉಳಿಯಿತು. ಹೋದಳು. ದೂರದಿಂದಲೇ ಅವಳ ಹೆಜ್ಜೆ ನಿಧಾನವಾಯಿತಂತೆ. ಹತ್ತಿರ ಬಂದು, ಎಲ್ಲರೂ ನೋಡುತ್ತಿರುವಂತೆಯೇ, ಕಣ್ಣಿನಲ್ಲಿದ್ದ ದಾಸವಾಳವನ್ನು ತೆಗೆದು ಬದಿಗಿಟ್ಟು, ತೂತಿನೊಳಗೆ ಬೆರಳು ಹಾಕಿದಳು. ಮೇಲಿನ ಅಂಚಿನ ಜಾಡಿನಲ್ಲಿ ಅವಳ ಹೆಬ್ಬೆರಳು ಹೋಗಿ ಕೂತಿತು. ಆಮೇಲೆ ಹಮ್ಮಯ್ಯನ ಮುಖ ನೋಡಿದಳು. ಅವನು ಗಂಟೆ ಕೆಳಗಿಟ್ಟು ಬೇರೆ ಕಡೆ ನೋಡಿದ.

ಅಲ್ಲಿಂದ ಅವಳು ನೇರ ಊರಿನ ಯಜಮಾನ ಗಿರಿಯಣ್ಣನ ಮನೆಗೆ ಹೋದಳು. ಅದು ತನ್ನ ಲಂಗರು. ಬುಡದಲ್ಲಿ ಇನ್ನೆರಡು ತೂತುಗಳಿವೆ. ಅಗೆದು ನೋಡಿ, ಇಲ್ಲದಿದ್ದರೆ ತಾನು ಊರು ಬಿಡುತ್ತೇನೆ ಎಂದಳು. ಗಿರಿಯಣ್ಣ ನ್ಯಾಯವಂತ, ಆದರೆ ಅಂಜುಬುರುಕ. ದೇವರ ಬುಡ ಅಗೆಯುವ ಮಾತು ಆಡಬೇಡ ಎಂದ. ಬೇಕಾದರೆ ಪ್ರಸಾದ ಕೇಳೋಣ, ಒದ್ದೆ ಹೂವನ್ನು ಅಮ್ಮನಿಗೆ ಹಚ್ಚೋಣ, ಬಲಕ್ಕೆ ಬಿದ್ದರೆ ನಿನ್ನದು, ಎಡಕ್ಕೆ ಬಿದ್ದರೆ ಅಮ್ಮ ಇಲ್ಲೇ ಇರುತ್ತಾಳೆ ಎಂದು ಸಮಾಧಾನ ಹೇಳಿದ. ಊರಲ್ಲಿ ಎಷ್ಟೋ ಜಗಳಗಳು ಹಾಗೆ ಬಗೆಹರಿದಿದ್ದವು. ಬೇರೆ ಯಾರಾದರೂ ಒಪ್ಪುತ್ತಿದ್ದರು.

“ನನ್ನ ಕಲ್ಲನ್ನು ನಾನು ಹೂವಿನ ಹತ್ತಿರ ಕೇಳಬೇಕಾ?” ಎಂದಳು ಬೀರಕ್ಕ. “ಎಡಕ್ಕೆ ಬಿದ್ದರೆ ನನ್ನದು ನನ್ನದಲ್ಲ ಅಂತ ಆಗುತ್ತದಾ ಯಜಮಾನರೇ?”

ಗಿರಿಯಣ್ಣ ಸಿಟ್ಟಿನಿಂದ ಎದ್ದು ಒಳಗೆ ಹೋದ. ಹುಣ್ಣಿಮೆಯಂದು ಬೀರಕ್ಕ ಮರಳಿನ ಮೇಲೆ ತನ್ನ ಸಾಮಾನುಗಳನ್ನು ಇಟ್ಟಳು. ಹುಟ್ಟು, ಗಳ, ಮರಿಗೆ, ತೆಂಗಿನ ನಾರಿನ ದಪ್ಪ ಹಗ್ಗದ ಸುರುಳಿ. ಲಂಗರಿನ ಜಾಗವನ್ನು ಖಾಲಿ ಬಿಟ್ಟು ಅದರ ಪಕ್ಕದಲ್ಲಿ ನಿಂತಳು. ಹಿರಿಯರು ಕಟ್ಟಳೆಯಂತೆ ಏನೂ ಕೇಳಲಿಲ್ಲ. ತಾರಿ ಹಮ್ಮಯ್ಯನಿಗೆ ಹೋಯಿತು.

ಅಂದಿನಿಂದ ಅವಳು ಮಾಡಿದ್ದು ಎರಡೇ ಕೆಲಸ. ಬೆಳಿಗ್ಗೆ ದೋಣಿಯನ್ನು ಹೊನ್ನೆ ಮರದ ಹತ್ತಿರ ನೀರಿಗೆ ನೂಕಿ, ಹಲಗೆ ಒಣಗಿ ಬಿರಿಯದಂತೆ ನೆನೆಸಿ, ಒಳಗೆ ಬಂದ ನೀರು ಚೆಲ್ಲಿ ಕಟ್ಟಿಡುವುದು. ಆಮೇಲೆ ಹಗ್ಗದ ಸುರುಳಿಯನ್ನು ಮಡಿಲಲ್ಲಿಟ್ಟುಕೊಂಡು ಒಕ್ಕಣ್ಣಮ್ಮನ ಎದುರು ಕೂರುವುದು. ಕೈ ಮುಗಿಯುವುದಿಲ್ಲ, ಬೈಯುವುದಿಲ್ಲ. ಜನ ಬರುತ್ತಾರೆ, ಕಾಯಿ ಒಡೆಯುತ್ತಾರೆ, ಹೋಗುತ್ತಾರೆ. ಇವಳು ಕೂತೇ ಇರುತ್ತಾಳೆ. ಹೊಟ್ಟೆಗೆ ಬಳಚು ಹೆಕ್ಕುವವರ ಜೊತೆ ಒಂದಿಷ್ಟು ಹೆಕ್ಕುತ್ತಿದ್ದಳು. ಹಗ್ಗ ಹಿಡಿದು ಕೂತಿದ್ದಾಳೆ, ಅಮ್ಮನನ್ನು ಎಮ್ಮೆಯ ಹಾಗೆ ಹೊಡೆದುಕೊಂಡು ಹೋಗುತ್ತಾಳೆ ಕಾಣು ಎಂದು ಗಂಡಸರು ನಗುತ್ತಿದ್ದರು. ದೇವು ಒಮ್ಮೆ ಪಕ್ಕದಲ್ಲಿ ಕೂತು, ಬೇರೆ ಕಲ್ಲು ಕಡಿಸಬಾರದೇ ತಂಗಿ, ನಾವೆಲ್ಲ ಸೇರಿ ತರಿಸಿಕೊಡುತ್ತೇವೆ ಎಂದಳಂತೆ. ಬೀರಕ್ಕ ತಲೆಯಾಡಿಸಿದಳು. ಕಲ್ಲು ಸಿಗಬಹುದು, ಆದರೆ ಬೇರೆ ಕಲ್ಲು ತಂದ ದಿನ ಇದು ತನ್ನದಲ್ಲ ಎಂದು ತಾನೇ ಒಪ್ಪಿದ ಹಾಗೆ ಎಂಬುದು ಅವಳ ಲೆಕ್ಕ. ಇದನ್ನು ಹಟ ಎನ್ನುವವರಿದ್ದಾರೆ. ನಾನು ಹಾಗೆನ್ನುವುದಿಲ್ಲ.

ಭಾದ್ರಪದದಲ್ಲಿ ಘಟ್ಟದ ಮೇಲೆ ಮತ್ತೆ ಮಳೆ ಕಟ್ಟಿತು. ಒಂದು ಮಂಗಳವಾರ, ಹೊಳೆ ಕೆಂಪಗೆ ತುಂಬಿ ಹರಿಯುತ್ತಿದ್ದಾಗ, ಹಮ್ಮಯ್ಯನ ಹೆಂಡತಿ ನಾಗಿಯನ್ನು ಬಾಣಂತನಕ್ಕೆ ಕೊಳಗೆರೆಯ ತವರಿಗೆ ಕರೆದೊಯ್ಯಲು ಅವಳ ಅಣ್ಣ ಜಟ್ಟಿ ಬಂದಿದ್ದ. ಮಂಗಳವಾರ ಅಮ್ಮನ ಮುಂದೆ ಜನ ಹೆಚ್ಚು. ಪೂಜೆ ಬಿಟ್ಟು ಏಳಲಾಗದ ಹಮ್ಮಯ್ಯ ತಾರಿಯ ಹುಟ್ಟನ್ನು ಭಾವನ ಕೈಗೆ ಕೊಟ್ಟ. ಜಟ್ಟಿಯೂ ನಾಗಿಯೂ ಸೇರಿ ಏಳು ಜನ ಹತ್ತಿದರು. ನಡುಹೊಳೆಗೆ ಹೋಗುವ ಹೊತ್ತಿಗೆ ಇಳಿತ ಶುರುವಾಯಿತು. ಮೇಲಿನ ನೆರೆ ಹಿಂದಿನಿಂದ ನೂಕಿತು, ಸಮುದ್ರ ಮುಂದಿನಿಂದ ಎಳೆಯಿತು. ತೇಲಿಬಂದ ಒಂದು ದಿಮ್ಮಿ ಹುಟ್ಟಿಗೆ ಬಡಿದು ಹುಟ್ಟು ಎರಡಾಯಿತು. ಜಟ್ಟಿ ಲಂಗರು ಇಳಿಸಿದ. ಕೊಕ್ಕೆಗೆ ಕಟ್ಟಿದ್ದ ಕಲ್ಲುಗಳು ಸೆಳೆತಕ್ಕೆ ಕಳಚಿಹೋದವು. ಹಗ್ಗ ಎಳೆದಾಗ ಬರಿಯ ಮರದ ಕೊಕ್ಕೆ ಮೇಲೆ ತೇಲಿ ಬಂತು. ದೋಣಿ ಅಡ್ಡಡ್ಡವಾಗಿ ಅಳಿವೆಯ ಕಡೆ ಹೊರಟಿತು. ಅಳಿವೆಗೆ ಸ್ವಲ್ಪ ಹಿಂದೆ, ಬಲೆ ಕಟ್ಟಲು ಯಾವ ಕಾಲದಲ್ಲೋ ನೆಟ್ಟಿದ್ದ ಅಡಿಕೆ ಮರದ ಗೂಟಗಳ ಸಾಲೊಂದಿತ್ತು. ದೋಣಿ ಅದಕ್ಕೆ ಬಡಿದು ಸಿಕ್ಕಿ ನಿಂತಿತು. ಗೂಟಗಳು ಒಂದೊಂದಾಗಿ ವಾಲತೊಡಗಿದವು.

ಹೊನ್ನೆ ಮರದ ಕೆಳಗಿದ್ದವರಿಗೆ ಎಲ್ಲವೂ ಕಾಣುತ್ತಿತ್ತು. ನಾಗಿಯ ಕೂಗೂ ಕೇಳುತ್ತಿತ್ತು. ಹಮ್ಮಯ್ಯ ನೀರಿನವರೆಗೆ ಓಡಿ, ಬೀರಕ್ಕನ ದೋಣಿಯ ಅಂಚು ಹಿಡಿದು ನಿಂತ. ಆ ಸೆಳೆತದಲ್ಲಿ ಹೋಗುವುದು ಸುಲಭ, ನಿಲ್ಲುವುದು ಹೇಗೆ ಎಂಬುದು ಅಂಬಿಗನಾದ ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಲಂಗರಿಲ್ಲದ ದೋಣಿ ಹೋದರೆ ಒಂದರ ಬದಲು ಎರಡು ದೋಣಿ ಅಳಿವೆಗೆ ಬೀಳುತ್ತವೆ. ಬೀರಕ್ಕ ಎದ್ದು ನಿಂತಳು. ಇಪ್ಪತ್ತು ದಿನಗಳಿಂದ ಮಡಿಲಲ್ಲಿದ್ದ ಸುರುಳಿಯನ್ನು ಹೆಗಲಿಗೇರಿಸಿದಳು. ಅವಳ ದನಿ ಏರಲಿಲ್ಲ ಎನ್ನುತ್ತಾರೆ.

“ಹಗ್ಗ ನನ್ನ ಹತ್ತಿರ ಇದೆ ಹಮ್ಮಯ್ಯ. ಕಲ್ಲು ನಿನ್ನ ಹತ್ತಿರ ಇದೆ.”

ಅವನು ಒಂದು ಸಲ ಹೊಳೆ ನೋಡಿದ, ಒಂದು ಸಲ ಅಮ್ಮನನ್ನು ನೋಡಿದ. ಆಮೇಲೆ ಮಂಡಿಯೂರಿ ಎರಡೂ ಕೈಯಿಂದ ಕಲ್ಲಿನ ಬುಡದ ಕೆಸರನ್ನು ಬಗೆಯತೊಡಗಿದ. ಹೂ, ಅಕ್ಕಿ, ಒಡೆದ ಕಾಯಿಯ ಚಿಪ್ಪು ಎಲ್ಲ ಕೆಸರಿನ ಜೊತೆ ಹಾರಿದವು. ಗಿರಿಯಣ್ಣ ಅವನ ತೋಳು ಹಿಡಿದು, ದೇವರ ಬುಡಕ್ಕೆ ಕೈ ಹಾಕಬೇಡವೋ, ವಂಶ ಉಳಿಯುವುದಿಲ್ಲ ಎಂದ.

“ದೇವರಲ್ಲ ಯಜಮಾನರೇ, ಅಣ್ಣನ ಲಂಗರು. ಕದ್ದು ತಂದವನು ನಾನು.” ಹಮ್ಮಯ್ಯ ಬಗೆಯುವುದನ್ನು ನಿಲ್ಲಿಸಲಿಲ್ಲ. “ಕೆಳಗೆ ಇನ್ನೆರಡು ತೂತು ಇವೆ. ಗೂಟಕ್ಕೆ ಏನಾದರೂ ಕೊಡಿ. ಬೇಗ ಕೊಡಿ.”

ಮೊದಲು ಎದ್ದವಳು ದೇವು. ಅವಳು ಹೋಗಿ ಚಪ್ಪರದ ಕಂಬಕ್ಕೆ ಕೈ ಹಾಕಿದಳು. ಉಳಿದ ಹೆಂಗಸರೂ ಕೈ ಹಚ್ಚಿದರು. ಎರಡೂ ಕಂಬಗಳು ಕಿತ್ತು ಬಂದವು, ಮಡಲಿನ ಮಾಡು ಪಕ್ಕಕ್ಕೆ ಕುಸಿಯಿತು. ಬಳಚು ತೆರೆಯುವ ಕತ್ತಿಯಲ್ಲೇ ಕಂಬಗಳ ತುದಿ ಕೆತ್ತಿ ಆ ಎರಡು ತೂತುಗಳಿಗೆ ಬಡಿದು ಕೂರಿಸಿದರು. ಬೀರಕ್ಕ ಕಣ್ಣಿನ ತೂತಿಗೆ ಹಗ್ಗ ಪೋಣಿಸಿ ಗಂಟು ಹಾಕಿದಳು. ಹಗ್ಗ ತನ್ನ ಹಳೆಯ ಜಾಡಿನಲ್ಲಿ ಹೋಗಿ ಕೂತಿತು. ಕೆಂಪು ಕಣ ಉಟ್ಟಂತೆಯೇ, ಕುಂಕುಮ ಮೆತ್ತಿದಂತೆಯೇ, ಅಮ್ಮನನ್ನು ಎತ್ತಿ ದೋಣಿಗೆ ಇಳಿಸಿದರು. ಬೀರಕ್ಕ ಹಿಂದೆ ನಿಂತು ದಿಕ್ಕು ಹಿಡಿದಳು, ಹಮ್ಮಯ್ಯ ಹುಟ್ಟು ಹಾಕಿದ.

ಗೂಟಗಳ ಸಾಲಿಗೆ ಇನ್ನೂ ಐವತ್ತು ಮಾರು ಇರುವಾಗಲೇ ಕಲ್ಲನ್ನು ಇಳಿಸಿದರು. ನೀರು ಒಮ್ಮೆ ಕುಂಕುಮದ ಬಣ್ಣಕ್ಕೆ ತಿರುಗಿ ತಿಳಿಯಾಯಿತು ಎನ್ನುತ್ತಾರೆ. ನೆರೆಯ ಕೆಂಪಿನಲ್ಲಿ ಅದು ಹೇಗೆ ಕಂಡಿತೋ, ನೋಡಿದವರು ಹಾಗೆ ಹೇಳಿದ್ದಾರೆ. ಕಲ್ಲು ತಳ ಮುಟ್ಟಿತು, ಒಂದಿಷ್ಟು ಜಾರಿತು, ಆಮೇಲೆ ಕಚ್ಚಿ ಹಿಡಿಯಿತು. ಬೀರಕ್ಕ ಹಗ್ಗವನ್ನು ಅಳೆದಳೆದು ಸಡಿಲಿಸುತ್ತ ದೋಣಿಯನ್ನು ಹಿಂದಕ್ಕೆ ಬಿಟ್ಟು, ಕೊನೆಯ ಗೂಟ ಮುರಿಯುವ ಮುಂಚೆ ಆ ದೋಣಿಯ ಮೂಗು ಮುಟ್ಟಿದಳು. ಎರಡು ದೋಣಿಗಳನ್ನೂ ಬಿಗಿದು ಕಟ್ಟಿದರು. ಗೂಟಗಳು ಹೋದವು. ಒಂದೇ ಹಗ್ಗ, ಒಂದೇ ಕಲ್ಲು, ಒಂಬತ್ತು ಜನ. ಕಿವಿಯ ಪಕ್ಕದಲ್ಲೇ ಅಲೆ ಒಡೆಯುತ್ತಿತ್ತು. ಹೀಗೆ ಅರ್ಧ ಹಗಲು ಇದ್ದರು. ಇಳಿತ ಮುಗಿದು, ಸಮುದ್ರದ ನೀರು ಒಳಗೆ ತಿರುಗಿದ ಮೇಲೆ, ಅದೇ ಉಬ್ಬರ ಎರಡೂ ದೋಣಿಗಳನ್ನು ಹೊನ್ನೆ ಮರದವರೆಗೆ ತಂದು ಮುಟ್ಟಿಸಿತು.

ದಡದಲ್ಲಿ ಊರಿಗೆ ಊರೇ ಕರ್ಪೂರ ಹಚ್ಚಿಕೊಂಡು ನಿಂತಿತ್ತು. ಅಮ್ಮನೇ ನೀರಿಗಿಳಿದು ಕಾಪಾಡಿದಳು ಎಂದು ಹೇಳುವವರೇ ಎಲ್ಲ. ಕಳವಿನ ಮಾತು ಯಾರಿಗೂ ಬೇಡವಾಗಿತ್ತು. ಗಿರಿಯಣ್ಣ ಮುಂದೆ ಬಂದು, ಅಮ್ಮನನ್ನು ಇದೇ ಗುಂಡಿಯಲ್ಲಿ ಮತ್ತೆ ಕೂರಿಸೋಣ, ಕಲ್ಲಿನ ಗುಡಿ ಕಟ್ಟೋಣ; ಬೀರಕ್ಕನಿಗೆ ಊರಿನಿಂದ ಹೊಸ ಲಂಗರು, ಜೀವ ಇರುವವರೆಗೂ ತಾರಿ ಎಂದು ಸಾರಿದ. ಅವಳು ಕೇಳಿದ್ದಕ್ಕಿಂತ ಹೆಚ್ಚು ಅದು. ಬೀರಕ್ಕ ಒದ್ದೆ ಕಣವನ್ನು ಕಲ್ಲಿನಿಂದ ಬಿಚ್ಚಿ, ಮಡಚಿ, ದೇವುವಿನ ಕೈಗೆ ಕೊಟ್ಟಳು.

“ನನ್ನ ಗಂಡ ಇದನ್ನು ದೋಣಿಗೆ ಅಂತ ಕಡಿದದ್ದು,” ಎಂದಳು. “ಕೂರಿಸಲಿಕ್ಕೆ ಅಂತ ಕಡಿಯಲಿಲ್ಲ.”

“ಕೈ ಮುಗಿದ ಕಲ್ಲು ಅದು. ದೇವರನ್ನು ದುಡಿಸುತ್ತೀಯಾ ತಂಗಿ?” ಎಂದ ಗಿರಿಯಣ್ಣ.

“ನಿಮ್ಮ ಕೂಸುಗಳ ಜ್ವರ ಬಿಟ್ಟದ್ದು ಒಳ್ಳೆಯದೇ ಆಯಿತು, ನಾನು ಅಲ್ಲ ಅನ್ನುವುದಿಲ್ಲ. ಆದರೆ ಇವತ್ತು ಇಷ್ಟು ಜನರನ್ನು ಹಿಡಿದು ನಿಲ್ಲಿಸಿದ್ದು ಕೂತಿದ್ದ ಕಲ್ಲಲ್ಲ, ಎದ್ದು ಬಂದ ಕಲ್ಲು. ಎದ್ದವಳನ್ನು ಮತ್ತೆ ಕೂರಿಸಬೇಡಿ.”

ಗಿರಿಯಣ್ಣ ಕಲ್ಲಿನ ಮಾತನ್ನು ಅಲ್ಲಿಗೇ ಬಿಟ್ಟ. ಕೊನೆಗೆ ಹಮ್ಮಯ್ಯನ ವಿಷಯ ಎತ್ತಿದ. ದೋಣಿಯ ಸಾಮಾನು ಕದ್ದವನು ಮತ್ತೆ ಯಾವ ದೋಣಿಗೂ ಹತ್ತುವಂತಿಲ್ಲ ಎಂಬುದು ಅಂಬಿಗರ ಹಳೆಯ ಕಟ್ಟಳೆ. ಹೊಳೆಯನ್ನೇ ನಂಬಿದವನಿಗೆ ಅದು ಊರು ಬಿಡಿಸಿದ್ದಕ್ಕೆ ಸಮ. ನಾಗಿ ಮರಕ್ಕೆ ಒರಗಿ ಕೂತು ಬೀರಕ್ಕನನ್ನೇ ನೋಡುತ್ತಿದ್ದಳು. ಬೀರಕ್ಕ ಕ್ಷಮಿಸಿದೆ ಎಂದು ಹೇಳಲಿಲ್ಲ. ಅವನು ದೋಣಿ ಹತ್ತಲಿ, ತನ್ನ ಅಭ್ಯಂತರವಿಲ್ಲ ಎಂದಳು. ಆದರೆ ಈ ಗುಂಡಿಯನ್ನು ಯಾರೂ ಮುಚ್ಚಬಾರದು, ಬೇರೆ ಕಲ್ಲು ತಂದು ನಿಲ್ಲಿಸಲೂಬಾರದು. ಇದು ಹೀಗೇ ತೆರೆದಿರಬೇಕು, ಕಸ ಬೀಳದಂತೆ ಹಮ್ಮಯ್ಯ ನೋಡಿಕೊಳ್ಳಬೇಕು. ಕದ್ದದ್ದು ಎಲ್ಲಿತ್ತು ಎಂದು ಅವನಿಗೂ ಕಾಣುತ್ತಿರಲಿ, ಕೈ ಮುಗಿದವರಿಗೂ ಕಾಣುತ್ತಿರಲಿ ಎಂಬುದು ಅವಳ ಮಾತು. ಊರು ಒಪ್ಪಿತು. ಮರುದಿನ ಅವಳು ತಾರಿ ಶುರು ಮಾಡಿದಳು. ಹಮ್ಮಯ್ಯ ಗುಂಡಿಯ ಸುತ್ತ ಚಿರೆಕಲ್ಲು ಇಟ್ಟು ಕಟ್ಟೆ ಕಟ್ಟಿದ. ಯಾರೂ ಹೇಳದೆಯೇ ಅಂಚಿನಲ್ಲಿ ಒಂದು ದೀಪ ಇಟ್ಟ.

ಒಂದು ತಿಂಗಳು ಕಳೆದಿರಬೇಕು. ಬಳಚು ಹೆಕ್ಕಲು ಬಂದವರು ಬೆಳಿಗ್ಗೆ ನೋಡುವಾಗ ಗುಂಡಿಯಲ್ಲಿ ಒಂದು ಹುಟ್ಟು ನಿಂತಿತ್ತು. ಹಿಂದಿನ ಮಳೆಗಾಲದಲ್ಲಿ ಮಾಯವಾಗಿದ್ದ ಹುಟ್ಟು. ಇನ್ನೊಂದು ದಿನ ಹಗ್ಗದ ಸುರುಳಿ, ಮತ್ತೊಂದು ದಿನ ಕಬ್ಬಿಣದ ಕೊಕ್ಕೆ. ಕಳೆದುಕೊಂಡವರು ಬಂದು ತಮ್ಮ ತಮ್ಮದನ್ನು ತೆಗೆದುಕೊಂಡು ಹೋದರು. ಯಾರು ತಂದಿಟ್ಟರು ಎಂದು ಒಬ್ಬರೂ ಕೇಳಲಿಲ್ಲ. ಯಾರೆಂದು ಎಲ್ಲರಿಗೂ ತಿಳಿದಿತ್ತು. ಅವನೋ ದೀಪಕ್ಕೆ ಎಣ್ಣೆ ಹಾಕುತ್ತ ಅಲ್ಲೇ ಕೂತಿದ್ದ. ಆಮೇಲೆ ಹಮ್ಮಯ್ಯನಲ್ಲದ ಬೇರೆಯವರು ಕದ್ದದ್ದೂ ಆ ಗುಂಡಿಗೆ ಬರತೊಡಗಿತು.

ಈಗ ಹೊಳೆಗೆ ಸೇತುವೆಯಾಗಿದೆ, ತಾರಿ ನಿಂತು ಎಷ್ಟೋ ಕಾಲವಾಯಿತು. ದೋಣಿಗಳು ಫೈಬರಿನವು, ಎಂಜಿನ್ನಿನವು. ಕಳ್ಳತನ ಮಾತ್ರ ನಿಂತಿಲ್ಲ. ನೀರು ತಳ್ಳುವ ಎಂಜಿನ್ನಿನ ಫ್ಯಾನು, ಡೀಸೆಲ್ ಕ್ಯಾನು, ಬಲೆಯ ಸೀಸದ ಗುಂಡು, ನೈಲಾನ್ ಹಗ್ಗ, ಎಲ್ಲವೂ ಆಗಾಗ ಮಾಯವಾಗುತ್ತವೆ. ಕಳೆದುಕೊಂಡವರು ಠಾಣೆಗೆ ಹೋಗುವ ಮೊದಲು ಮೂರು ದಿನ ಕಟ್ಟೆ ನೋಡುತ್ತಾರೆ. ಆ ಮೂರು ದಿನ ಕಟ್ಟೆಯ ಕಡೆ ಕಾವಲು ಕೂರುವುದಾಗಲಿ, ಅಡಗಿ ನೋಡುವುದಾಗಲಿ ಇಲ್ಲಿಯವರು ಮಾಡುವುದಿಲ್ಲ. ಕಳೆದ ವರ್ಷ ನಮ್ಮ ಮನೆಯ ದೋಣಿಯ ಫ್ಯಾನು ಹೋದಾಗ ನಾನೂ ಕಾದೆ. ಎರಡನೆಯ ಬೆಳಿಗ್ಗೆ ಅದು ಗೋಣಿಚೀಲದಲ್ಲಿ ಸುತ್ತಿ ಗುಂಡಿಯಲ್ಲಿತ್ತು. ಅದಕ್ಕೆ ಹೊಸದಾಗಿ ಗ್ರೀಸ್ ಹಚ್ಚಿದ್ದರು.

ಆ ಕಲ್ಲು ಈಗ ಎಲ್ಲಿದೆ ಎಂದು ಬಂದವರು ತಪ್ಪದೆ ಕೇಳುತ್ತಾರೆ. ಬೀರಕ್ಕ ಮುದುಕಿಯಾಗುವವರೆಗೆ ತಾರಿ ನಡೆಸಿದಳು, ಅವಳ ನಂತರ ನಾಗಿಯ ಮಗಳು ಅದೇ ದೋಣಿ ಹಿಡಿದಳು ಎಂಬಲ್ಲಿಯವರೆಗೆ ಎಲ್ಲರ ಮಾತೂ ಒಂದೇ. ಆಮೇಲಿನದ್ದು ಯಾರಿಗೂ ಸರಿಯಾಗಿ ತಿಳಿಯದು. ಯಾವುದೋ ನೆರೆಯಲ್ಲಿ ಹಗ್ಗ ಹರಿದು ಕಲ್ಲು ನಡುಹೊಳೆಯಲ್ಲೇ ಉಳಿಯಿತು ಎನ್ನುತ್ತಾರೆ. ಹೊನ್ನೆ ಮರದ ಕೆಳಗೆ ಇಂದಿಗೂ ಬಳಚಿನ ಬುಟ್ಟಿ ಇಳಿಸಿ ಸುಧಾರಿಸಿಕೊಳ್ಳುವ ಹೆಂಗಸರನ್ನು ಕೇಳಿದರೆ ಅವರು ಗುಂಡಿಯ ಕಡೆ ನೋಡುವುದೂ ಇಲ್ಲ. ಕೆಸರಾದ ಕೈಯನ್ನು ಹೊಳೆಯ ಕಡೆ ಚಾಚಿ, ಅಮ್ಮ ಕೆಲಸಕ್ಕೆ ಹೋಗಿದ್ದಾಳೆ ಎನ್ನುತ್ತಾರೆ.